ರೊಟ್ಟಿ ಕಂಡ ಮೇಲೆ ಸೂಜಿ

ಚಂದಾಪುರವನ್ನೇ ನೋಡಬೇಕೆಂದು ಯಾರೂ ಬರುವುದಿಲ್ಲ. ಚಂದ್ರಂಪಳ್ಳಿ ಜಲಾಶಯಕ್ಕೋ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡಿಗೋ, ಮಳೆಗಾಲದಲ್ಲಿ ಎತ್ತಿಪೋತ ಜಲಪಾತಕ್ಕೋ ಹೊರಟವರು ಇಲ್ಲಿ ಚಹಾ ಕುಡಿದು ಮುಂದೆ ಸಾಗುತ್ತಾರೆ. ಮುಲ್ಲಾಮಾರಿ ಹೊಳೆಯ ಒಂದು ದಡಕ್ಕೆ ಚಿಂಚೋಳಿ, ಇನ್ನೊಂದು ದಡಕ್ಕೆ ಚಂದಾಪುರ, ನಡುವೆ ಸೇತುವೆ. ಹೆಸರು ಎರಡಾದರೂ ನಮಗೆ ಊರು ಒಂದೇ. ಕಚೇರಿ ಕೆಲಸಕ್ಕೆ, ಸಂತೆಗೆ, ಆಸ್ಪತ್ರೆಗೆ ಎಂದು ಸುತ್ತಲಿನ ಹಳ್ಳಿಗಳಿಂದ, ತಾಂಡಾಗಳಿಂದ ಬರುವವರ ಹೊಟ್ಟೆ ತುಂಬಿಸಲು ರಸ್ತೆಯುದ್ದಕ್ಕೂ ಸಣ್ಣ ಹೋಟೆಲುಗಳಿವೆ. ಬೆಳಿಗ್ಗೆ ಇಡ್ಲಿ, ಪೂರಿ, ಸುಸಲಾ. ಮಧ್ಯಾಹ್ನ ರೊಟ್ಟಿ ಊಟ. ಸಂಜೆ ನಾಲ್ಕಾಯಿತೆಂದರೆ ಮಿರ್ಚಿ ಭಜಿಯ ಎಣ್ಣೆ ಕಾಯತೊಡಗುತ್ತದೆ. ತೆಲಂಗಾಣದ ಗಡಿ ಹತ್ತಿರವಾದ್ದರಿಂದ ಚಹಾ ಹೈದರಾಬಾದಿನ ರೀತಿಯದು, ಗಟ್ಟಿ ಮತ್ತು ಬಲು ಸಿಹಿ.

ಈ ಹೋಟೆಲುಗಳ ಮುಂದೆ ನಾನು ಒಂದು ವರ್ಷ ತಲೆ ತಗ್ಗಿಸಿ ನಡೆದಿದ್ದೇನೆ. ಯಾರಿಗೂ ಬಾಕಿ ಕೊಡಬೇಕಾಗಿರಲಿಲ್ಲ. ಪಕ್ಕದಲ್ಲಿ ಮಗಳಿರುತ್ತಿದ್ದಳು, ಅಷ್ಟೆ.

ಅವಳು ಆಗ ಎಂಟನೆಯ ತರಗತಿ. ಬೇಸಿಗೆಯಲ್ಲಿ ತಂಬಿಗೆಗಟ್ಟಲೆ ನೀರು ಕುಡಿಯತೊಡಗಿದಳು. ರಾತ್ರಿ ನಾಲ್ಕು ಸಲ ಏಳುತ್ತಿದ್ದಳು. ಶಾಲೆಯ ಸಮವಸ್ತ್ರ ಸಡಿಲಾಯಿತು. ನಮ್ಮ ಕಡೆಯ ಬಿಸಿಲಿಗೆ ಯಾರಿಗೆ ಬಾಯಾರಿಕೆ ಆಗುವುದಿಲ್ಲ ಎಂದುಕೊಂಡೆವು. ಪ್ರತಿ ವರ್ಷ ಹತ್ತನೆಯ ತರಗತಿಗೆ ನಿರ್ನಾಳ ಗ್ರಂಥಿಗಳ ಪಾಠ ಮಾಡುವ, ಕರಿಹಲಗೆಯ ಮೇಲೆ ಮೇದೋಜೀರಕ ಗ್ರಂಥಿಯ ಚಿತ್ರ ಬರೆಯುವ ನಾನು ಮನೆಯಲ್ಲೇ ಇದ್ದ ಪಾಠವನ್ನು ಓದಲಿಲ್ಲ. ವಾಂತಿ ಶುರುವಾಗಿ, ಉಸಿರು ಜೋರಾಗಿ, ಬಾಯಿಂದ ಹೆಚ್ಚು ಕಳಿತ ಹಣ್ಣಿನಂಥ ವಾಸನೆ ಬಂದಾಗ ಕಲಬುರಗಿಗೆ ಓಡಿದೆವು. ಒಂದನೆಯ ವಿಧದ ಮಧುಮೇಹ ಎಂದರು.

ವಿದ್ಯಾರ್ಥಿ ಮಿತ್ರರಿಗೆ ಇಲ್ಲಿ ಒಂದು ಮಾತು ಹೇಳಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆಯೇ ಬೇರೆ, ಇದೇ ಬೇರೆ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ, ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಸಿಹಿ ಹೆಚ್ಚು ತಿಂದದ್ದರಿಂದ ಬಂದದ್ದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಇನ್ಸುಲಿನ್ ಇಲ್ಲದೆ ಜೀವಕೋಶಗಳು ರಕ್ತದ ಗ್ಲೂಕೋಸನ್ನು ಬಳಸಿಕೊಳ್ಳಲಾರವು. ಆದ್ದರಿಂದ ಅದನ್ನು ಹೊರಗಿನಿಂದ ಸೂಜಿಯ ಮೂಲಕ ಕೊಡಲೇಬೇಕು, ದಿನವೂ, ಊಟ ಊಟಕ್ಕೂ. ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ಅದನ್ನು ಬೇರ್ಪಡಿಸುವ ಮೊದಲು ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಕೆಲವು ತಿಂಗಳು ಉಳಿಸಿಕೊಳ್ಳುತ್ತಿದ್ದರು. 1922ರ ಜನವರಿಯಲ್ಲಿ ಮೊದಲ ಚುಚ್ಚುಮದ್ದು ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ. ನನ್ನ ಮಗಳಿಗೆ ಆಗ 13.

ಮೊದಲ ವರ್ಷ ನಾನು ಮಾಡಿದ್ದು ಹೊರಗಿನ ಊಟ ಬಂದ್ ಎಂಬ ಕಾನೂನು. ಮದುವೆಗೆ ಹೋದರೆ ಡಬ್ಬಿ, ಬಸ್ಸಿನಲ್ಲಿ ಡಬ್ಬಿ, ಜಾತ್ರೆಯಲ್ಲಿ ಡಬ್ಬಿ. ಗೆಳತಿಯರು ಶಾಲೆ ಬಿಟ್ಟು ಮಿರ್ಚಿ ಅಂಗಡಿಯ ಮುಂದೆ ನಿಂತರೆ ಇವಳು ನೇರ ಮನೆಗೆ. ಒಂದು ಸಂಜೆ ಅವಳ ತಾಯಿ, ‘ಮಗಳಿಗೆ ಬ್ಯಾನಿ ಬಂದದ ಅಂತ ಡಾಕ್ಟರ್ ಹೇಳ್ಯಾರ, ಜೇಲು ಅಂತ ಹೇಳಿಲ್ಲಲ್ರೀ’ ಎಂದಳು. ಆ ಮಾತಿನ ನಂತರವೇ ನಾವು ಹೊರಗೆ ಉಣ್ಣಲು ಕಲಿತದ್ದು. ಕಲಿಯುವಾಗ ಪೆಟ್ಟೂ ತಿಂದೆವು.

ತಪಾಸಣೆಗೆಂದು ಮೂರು ತಿಂಗಳಿಗೊಮ್ಮೆ ಕಲಬುರಗಿಗೆ ಹೋಗಬೇಕು. ಚಂದಾಪುರದಿಂದ ನೇರ ಬಸ್ಸುಗಳಿವೆ. ಮಗಳಿಗೆ ಮಾತ್ರ ರೈಲಿನ ಹುಚ್ಚು. ಹೀಗಾಗಿ ಸುಲೇಪೇಟ ಮೇಲಿಂದ ಸೇಡಂವರೆಗೆ ಬಸ್ಸು, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಕಪ್ಪು ಮಣ್ಣು, ತೊಗರಿಯ ಹೊಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಗುಲಬರ್ಗಾ ತೊಗರಿಬೇಳೆಯ ನಾಡು ಇದು. ಸೇಡಂ ಹತ್ತಿರವಾದಂತೆ ಸಿಮೆಂಟ್ ಕಾರ್ಖಾನೆಗಳ ಬೂದು ಧೂಳು ಗಿಡಗಳ ಮೇಲೆ ಕಾಣಿಸುತ್ತದೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ರೈಲು ಹಾದಿ ಈ ಊರನ್ನು ಹಾದುಹೋಗುತ್ತದೆ. ಮಳಖೇಡ ರೋಡ್, ಚಿತ್ತಾಪುರ, ವಾಡಿ, ಶಹಾಬಾದ್ ಎಂದು ನಿಲ್ದಾಣಗಳನ್ನು ಎಣಿಸುತ್ತ ಹೋದರೆ ಕಲಬುರಗಿ ಬರುತ್ತದೆ.

ಅಂದು ಸೇಡಂದಲ್ಲಿ ರೈಲಿಗೆ ಇನ್ನೂ ಹೊತ್ತಿತ್ತು. ಒಂದು ಖಾನಾವಳಿಗೆ ಹೋದೆವು. ಶಹಾಬಾದ್ ಕಲ್ಲಿನ ನೆಲ, ಅದೇ ಕಲ್ಲಿನ ಮೇಜು, ಒಳಗಿನಿಂದ ರೊಟ್ಟಿ ಬಡಿಯುವ ಟಪ್ ಟಪ್ ಸದ್ದು. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದೆ. ‘ಈಗ ಬಡಿಲತ್ತಾರ್ರಿ ಸರ್, ಕುಂಡ್ರಿ’ ಎಂದ ಹುಡುಗ. ಅವಳಿಗೆ ಆಗ ಕೊಡುತ್ತಿದ್ದುದು ಹಳೆಯ ಬಗೆಯ ಇನ್ಸುಲಿನ್. ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಬೇಕು. ಶಿಸ್ತಿನ ಮೇಷ್ಟ್ರು ನಾನು, ಗಡಿಯಾರ ನೋಡಿ ಚುಚ್ಚಿಸಿದೆ.

ಅಷ್ಟರಲ್ಲಿ ಹತ್ತು ಹನ್ನೆರಡು ಜನ ಲಾರಿಯವರು ಒಳಬಂದರು. ಆದ ರೊಟ್ಟಿಗಳು ಅವರ ತಟ್ಟೆಗೆ ಹೋದವು. ಹಸಿದು ಬಂದ ದುಡಿಯುವ ಜನ. ಖಾನಾವಳಿಯವರ ತಪ್ಪೇನೂ ಇಲ್ಲ. ನಮಗೆ ಸೌತೆಕಾಯಿ, ಶೇಂಗಾ ಹಿಂಡಿ, ಪುಂಡಿಪಲ್ಯ ಬಂದು ಕುಳಿತವು, ರೊಟ್ಟಿ ಬರಲಿಲ್ಲ. ಮುಕ್ಕಾಲು ಗಂಟೆ ಕಳೆಯಿತು. ಮಗಳು ಮುಖ ಗಂಟು ಹಾಕಿಕೊಂಡಳು. ಏನು ಕೇಳಿದರೂ ಉತ್ತರವಿಲ್ಲ. ಕೊನೆಗೆ ತಟ್ಟೆ ದೂಡಿ, ‘ನನಗೇನೂ ಬ್ಯಾಡ’ ಎಂದಳು. ನನಗೆ ಸಿಟ್ಟು ಬಂತು. ಇಷ್ಟು ಜನರ ಮುಂದೆ ಅನ್ನದ ತಟ್ಟೆ ದೂಡುವುದೇ ಎಂದು ಗದರಿಸಿದೆ. ಅವಳು ಕಣ್ಣೆತ್ತಲಿಲ್ಲ. ಆಗ ಕಂಡಿತು, ಡಿಸೆಂಬರ್ ತಿಂಗಳ ಮಧ್ಯಾಹ್ನದಲ್ಲಿ ಅವಳ ಮೇಲ್ತುಟಿಯ ಮೇಲೆ ಬೆವರಿನ ಹನಿ. ಕೈ ಸಣ್ಣಗೆ ನಡುಗುತ್ತಿತ್ತು.

ಮೀಟರ್ ತೋರಿಸಿದ್ದು 52. ನೂರು ಮಿಲಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಗ್ಲೂಕೋಸ್ ಎಂಬ ಲೆಕ್ಕ. 70ಕ್ಕಿಂತ ಕೆಳಗೆ ಇಳಿದರೆ ಅಪಾಯದ ಹಾದಿ. ಮಿದುಳಿಗೆ ಬೇಕಾದ ಇಂಧನ ಕಡಿಮೆಯಾದಾಗ ಮನುಷ್ಯ ಸಿಡುಕುತ್ತಾನೆ, ತೊದಲುತ್ತಾನೆ, ಹಟ ಹಿಡಿಯುತ್ತಾನೆ. ಅದನ್ನು ನಾನು ಹದಿಹರೆಯದ ಸೊಕ್ಕು ಎಂದು ಓದಿದ್ದೆ.

ಚೀಲದಲ್ಲಿ ಗ್ಲೂಕೋಸ್ ಪುಡಿ ಇರಬೇಕಿತ್ತು. ಮನೆಯಲ್ಲೇ ಉಳಿದಿತ್ತು. ನಾನು ಕೂಗಿದ್ದು ಕೇಳಿ ರೊಟ್ಟಿ ಬಡಿಯುತ್ತಿದ್ದ ಮುದುಕಿ ಹಿಟ್ಟಿನ ಕೈಯಲ್ಲೇ ಸಕ್ಕರೆ ಡಬ್ಬಿ ಹಿಡಿದು ಹೊರಬಂದಳು. ನಾಲ್ಕು ಚಮಚ ನೀರಿಗೆ ಹಾಕಿ ಕಲಕಿ, ‘ಕುಡಿ ನಮ್ಮವ್ವ, ಗಟಗಟ ಕುಡಿ. ನಮ್ಮ ಮನ್ಯಾನವರಿಗೂ ಹಿಂಗೇ ಆಗ್ತದ’ ಎಂದು ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಹದಿನೈದು ನಿಮಿಷದ ಮೇಲೆ ನೋಡಿದಾಗ 88. ಆಮೇಲೆ ಬಿಸಿ ರೊಟ್ಟಿ ಬಂತು, ಮಗಳು ಉಂಡಳು. ನನಗೆ ಉಣ್ಣಲಾಗಲಿಲ್ಲ. ಮುದುಕಿ ಸಕ್ಕರೆಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಪಾಲಕರು ನೆನಪಿಡಬೇಕಾದ ಒಂದೆರಡು ಸಂಗತಿಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಸಕ್ಕರೆ ಇಳಿದಾಗ ಬಿಸ್ಕತ್ತು, ಚಾಕೊಲೇಟ್ ಮೊದಲ ಆಯ್ಕೆಯಲ್ಲ. ಅವುಗಳಲ್ಲಿನ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಸುಮಾರು 15 ಗ್ರಾಂ, ಅಂದರೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೊಡಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಮಗು ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹುಯ್ಯಬಾರದು, ಆಸ್ಪತ್ರೆಗೆ ಒಯ್ಯಬೇಕು.

ಅಂದು ಹುಟ್ಟಿದ್ದು ನಮ್ಮ ಮನೆಯ ಗಾದೆ: ರೊಟ್ಟಿ ಕಂಡ ಮೇಲೆ ಸೂಜಿ. ಗಾದೆ ಕಟ್ಟಿದವಳು ಮಗಳೇ. ಕಲಬುರಗಿಯಲ್ಲಿ ವೈದ್ಯರಿಗೆ ಹೇಳಿದಾಗ ಅವರು ನಕ್ಕು, ಮಧ್ಯಾಹ್ನದ ಊಟಕ್ಕೆ ಬೇಗ ಕೆಲಸ ಮಾಡುವ ಹೊಸ ಬಗೆಯ ಇನ್ಸುಲಿನ್ ಬರೆದುಕೊಟ್ಟರು. ಹದಿನೈದು ನಿಮಿಷದೊಳಗೆ ಅದರ ಕೆಲಸ ಶುರುವಾಗುವುದರಿಂದ ತಟ್ಟೆ ಮುಂದೆ ಬಂದಾಗಲೇ ತೆಗೆದುಕೊಳ್ಳಬಹುದು. ಬೆಲೆ ಜಾಸ್ತಿ. ಮನೆಯಲ್ಲಿ ಹಳೆಯದನ್ನೇ ಬಳಸುವ ಮಕ್ಕಳು ನಮ್ಮ ತಾಲ್ಲೂಕಿನಲ್ಲಿ ಇದ್ದಾರೆ, ಅವರು ಚೆನ್ನಾಗಿಯೂ ಇದ್ದಾರೆ. ಅವರಿಗೆ ಗಡಿಯಾರ ಮತ್ತು ಅಡಿಗೆಮನೆ ಎರಡರ ಮೇಲೂ ಕಣ್ಣಿರಬೇಕು, ಅಷ್ಟೆ.

ಸಮಯದ ಲೆಕ್ಕ ಸರಿಹೋಯಿತು, ತೂಕದ ಲೆಕ್ಕ ಉಳಿಯಿತು. ನಮ್ಮ ಕಡೆ ಒಂದು ಗಟ್ಟಿ ನಂಬಿಕೆಯಿದೆ: ಜೋಳದ ರೊಟ್ಟಿಯಲ್ಲಿ ಸಕ್ಕರೆಯಿಲ್ಲ. ನಾನೂ ನಂಬಿದ್ದೆ. ಜೋಳದ ಹಿಟ್ಟಿನಲ್ಲಿ ಸುಮಾರು ಶೇಕಡಾ 70ರಷ್ಟು ಶರ್ಕರಪಿಷ್ಟವಿರುತ್ತದೆ, ಹೊಟ್ಟೆಯಲ್ಲಿ ಅದು ಒಡೆದು ಗ್ಲೂಕೋಸೇ ಆಗುತ್ತದೆ. ನಾರು ಇರುವುದು ಒಳ್ಳೆಯದೇ. ಹಾಗೆಂದು ಇನ್ಸುಲಿನ್ ಬೇಡವೆಂದಲ್ಲ. ಶಾಲೆಯ ಪ್ರಯೋಗಾಲಯದ ತಕ್ಕಡಿಯನ್ನು ಒಂದು ಭಾನುವಾರ ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ಮನೆಗೆ ತಂದೆ. ಬಿಸಿ ರೊಟ್ಟಿಯನ್ನು ತೂಗಿದರೆ ಮೋಸ. ಅದರಲ್ಲಿ ನೀರಿನ ತೂಕವೂ ಸೇರಿರುತ್ತದೆ. ಖಡಕ್ ರೊಟ್ಟಿ ಮಾತ್ರ ಪ್ರಾಮಾಣಿಕ. ನೀರೆಲ್ಲ ಆರಿಹೋಗಿರುವುದರಿಂದ ಅದರ ತೂಕ ಬಹುಮಟ್ಟಿಗೆ ಹಿಟ್ಟಿನದೇ. ಬಿಸಿ ರೊಟ್ಟಿಗೆ ಅವಳ ತಾಯಿ ಸುಲಭದ ದಾರಿ ತೋರಿಸಿದಳು. ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಆಗುತ್ತವೆ ಎಂದು ಎಣಿಸಿದರಾಯಿತು. 16 ಆದವು. ರೊಟ್ಟಿಗೆ 62 ಗ್ರಾಂ ಹಿಟ್ಟು, ಅದರಲ್ಲಿ 43 ಗ್ರಾಂ ಶರ್ಕರಪಿಷ್ಟ. ಖಾನಾವಳಿಯ ರೊಟ್ಟಿ ಇನ್ನೂ ಅಗಲ, ಒಂದೂಕಾಲು ಎಂದು ಹಿಡಿಯುತ್ತೇವೆ. ಅನ್ನ ನೂರು ಗ್ರಾಂಗೆ ಸುಮಾರು 28. ಮಗಳಿಗೆ ವೈದ್ಯರು ಹಾಕಿಕೊಟ್ಟ ಲೆಕ್ಕ 10 ಗ್ರಾಂಗೆ 1 ಯೂನಿಟ್. ಇದು ಅವಳದು ಮಾತ್ರ. ಬೇರೆ ಮಗುವಿಗೆ ಬೇರೆ ಲೆಕ್ಕವಿರುತ್ತದೆ, ಯಾರೂ ನಮ್ಮದನ್ನು ನಕಲು ಮಾಡಬಾರದು. ಈಗ ಅವಳು ತಟ್ಟೆ ನೋಡಿದ ಕೂಡಲೇ, ಕಂಡಕ್ಟರ್ ಟಿಕೆಟಿನ ದುಡ್ಡು ಕೂಡಿಸಿದಂತೆ, ತುಟಿ ಅಲ್ಲಾಡಿಸದೆ ಕೂಡಿಸುತ್ತಾಳೆ. ಗಣಿತದಲ್ಲಿ ಅಂಕ ಹೆಚ್ಚಿಲ್ಲ ಎಂಬುದು ಬೇರೆ ಮಾತು.

ಚಂದಾಪುರದ ಹೋಟೆಲುಗಳಲ್ಲಿ ಎಲ್ಲಕ್ಕಿಂತ ಕಷ್ಟದ ವಸ್ತು ಚಹಾ. ಸಕ್ಕರೆ ಬೇರೆ ಕೊಡಿ ಎನ್ನುವಂತಿಲ್ಲ, ಹಾಲು ಪುಡಿ ಸಕ್ಕರೆ ಎಲ್ಲ ಒಂದೇ ಪಾತ್ರೆಯಲ್ಲಿ ಕುದ್ದಿರುತ್ತವೆ. ಸಪ್ಪೆ ಚಹಾ ಎಂದು ಹೇಳಿದರೂ ಅದೇ ಪಾತ್ರೆಯನ್ನು ಒಮ್ಮೆ ಅಲ್ಲಾಡಿಸಿ ಮಾಡಿದ್ದು ಬರಬಹುದು. ಸಕ್ಕರೆ ಪರೀಕ್ಷಿಸುವ ಪಟ್ಟಿಯನ್ನು ಚಹಾದಲ್ಲಿ ಅದ್ದಿದರೆ ತಿಳಿಯುವುದಿಲ್ಲವೇ ಸರ್ ಎಂದು ನನ್ನ ತರಗತಿಯ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಆ ಪಟ್ಟಿಯಲ್ಲಿರುವ ಕಿಣ್ವ ಗುರುತಿಸುವುದು ಗ್ಲೂಕೋಸನ್ನು. ನಾವು ಚಹಾಕ್ಕೆ ಹಾಕುವುದು ಸುಕ್ರೋಸ್. ಪಟ್ಟಿ ಏನೂ ಇಲ್ಲವೆನ್ನಬಹುದು, ಚಹಾ ಪಾಕದಂತಿರಬಹುದು. ನಾಲಿಗೆಯೇ ಉತ್ತಮ ಉಪಕರಣ.

ಮಿರ್ಚಿ ಭಜಿಯ ಗುಟ್ಟನ್ನು ಕಂಡುಹಿಡಿದದ್ದು ನಾನಲ್ಲ. ಅದರಲ್ಲಿರುವುದು ಮೆಣಸಿನಕಾಯಿ ಮತ್ತು ಕಡಲೆಹಿಟ್ಟು, ಪಿಷ್ಟ ಹೆಚ್ಚಿಲ್ಲ. ಆದರೂ ರಾತ್ರಿ ಸಕ್ಕರೆ ಏರಿರುತ್ತಿತ್ತು. ಮಗಳು ತನ್ನ ವಹಿಯಲ್ಲಿ ಬರೆದಿಟ್ಟ ಅಂಕಿಗಳನ್ನು ನೋಡಿ, ‘ಎರಡು ತಾಸಿಗೆ ಛಲೋ ಇರ್ತದ, ನಾಲ್ಕು ತಾಸಿಗೆ ಏರ್ತದ, ಎಣ್ಣಿ ತಡಾ ಮಾಡ್ಲತ್ತದ’ ಎಂದಳು. ಸರಿಯಾಗಿತ್ತು. ಎಣ್ಣೆಯ ಪದಾರ್ಥ ಹೊಟ್ಟೆಯಿಂದ ನಿಧಾನವಾಗಿ ಮುಂದೆ ಸಾಗುತ್ತದೆ. ಮಲಗುವ ಮುಂಚೆ ಇನ್ನೊಂದು ಸಲ ನೋಡುವುದನ್ನು ಅವಳೇ ರೂಢಿ ಮಾಡಿಕೊಂಡಳು.

ಕಲಬುರಗಿಯಲ್ಲಿ ಒಮ್ಮೆ ಮಾಲ್ಪುರಿ ತಿಂದೆವು. ಹೌದು, ತಿಂದೆವು, ಲೆಕ್ಕ ಹಾಕಿ, ಒಂದು. ಸ್ವಲ್ಪ ಹೊತ್ತಿಗೆ ಮೀಟರ್ 310 ತೋರಿಸಿದಾಗ ನನ್ನ ಎದೆ ಧಸಕ್ಕೆಂದಿತು. ‘ಕೈ ತೊಳಕೊಂಡಿಲ್ಲ ನಾ’ ಎಂದು ಮಗಳು ನಕ್ಕಳು. ಬೆರಳ ತುದಿಯ ಪಾಕವೂ ರಕ್ತದ ಹನಿಯಲ್ಲಿ ಬೆರೆತಿತ್ತು. ತೊಳೆದು ಒರೆಸಿ ನೋಡಿದರೆ 164.

ಶಹಾಬಾದ್‌ನಲ್ಲಿ ನೆಂಟರ ಮದುವೆಗೆ ಹೋದಾಗಿನದು ಬೇರೆ ಕಥೆ. ಹಿರಿಯ ಅತ್ತೆಯೊಬ್ಬರು, ‘ಜ್ವಾಳದ ರೊಟ್ಟಿ ಎಷ್ಟರೆ ತಿನ್ನವ್ವ, ಅದ್ರಾಗ ಸಕ್ರಿ ಎಲ್ಲದ?’ ಎಂದು ಮೂರನೆಯದನ್ನು ಹಾಕಿದರು. ಅದು ಪ್ರೀತಿ, ನಕ್ಕು ತಡೆಯಬಹುದು. ಇನ್ನೊಬ್ಬರು ಯಾವುದೋ ಬೇರಿನ ಪುಡಿಯ ಪೊಟ್ಟಣ ಕೊಟ್ಟು, ಸೂಜಿ ಬಿಟ್ಟು ಇದನ್ನು ತಿಂಗಳು ಕೊಡಿ, ಹೆಣ್ಣುಮಗು, ನಾಳೆ ಮದುವೆ ಮಾಡಬೇಕಲ್ಲ ಎಂದರು. ಅದಕ್ಕೆ ನನಗೆ ನಗು ಬರಲಿಲ್ಲ. ಈ ಮಕ್ಕಳಿಗೆ ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ತಿಂಗಳವರೆಗೆ ಕಾಯಬೇಕಾಗಿಲ್ಲ, ಕೆಲವೇ ದಿನಗಳಲ್ಲಿ ಜೀವಕ್ಕೆ ಬರುತ್ತದೆ. ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆಯೇ ಅದನ್ನು ಹೇಳಿದೆ. ಮಗಳು ಅಷ್ಟರಲ್ಲಿ ಹೋಳಿಗೆ ನೋಡಿ, ಪೆನ್ನಿನಂಥ ಸೂಜಿಯನ್ನು ತೆಗೆದು, ಕುಳಿತಲ್ಲೇ ಚುಚ್ಚಿಕೊಂಡಳು. ಮೊದಲು ಇದಕ್ಕಾಗಿ ಬಚ್ಚಲುಮನೆ ಹುಡುಕುತ್ತಿದ್ದೆವು. ಹೊಲಸು ಜಾಗದಲ್ಲಿ, ಕತ್ತಲಲ್ಲಿ, ಕಳ್ಳರಂತೆ! ಎದುರಿಗೆ ಕುಳಿತ ಸಣ್ಣ ಹುಡುಗ ಬಾಯಿ ತೆರೆದು ನೋಡಿದ. ‘ನೋವಾಗ್ತದೇನಕ್ಕಾ?’ ಎಂದ. ‘ಇರುವಿ ಕಡದಂಗ’ ಎಂದಳು. ಬಳಸಿದ ಸೂಜಿಯನ್ನು ಎಂದೂ ಹೋಟೆಲಿನ ಕಸದಲ್ಲಿ ಬಿಡುವುದಿಲ್ಲ. ಎಂಜಲೆತ್ತುವ ಹುಡುಗರ ಕೈಗೆ ಚುಚ್ಚೀತು. ಗಟ್ಟಿ ಪ್ಲಾಸ್ಟಿಕ್ ಬಾಟಲಿಯೊಂದು ಅವಳ ಚೀಲದಲ್ಲಿರುತ್ತದೆ.

ಆ ಮದುವೆಯಿಂದ ಮರಳುವಾಗ ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸಲು ಕಾಯುತ್ತಿದ್ದೆವು. ಮಗಳು ಬೆಂಚಿನ ತುದಿಗೆ ಕುಳಿತು ಮುಖ ತಿರುಗಿಸಿದ್ದಳು. ಕರೆದರೆ ಉತ್ತರವಿಲ್ಲ. ನಾನು ಸೇಡಂದ ಪಾಠ ಕಲಿತವನು. ಕೂಡಲೇ ಗ್ಲೂಕೋಸ್ ಪುಡಿ ತೆಗೆದು, ಸಕ್ರಿ ನೋಡು, ಸಕ್ರಿ ನೋಡು ಎಂದು ಬೆನ್ನು ಹತ್ತಿದೆ. ಅಕ್ಕಪಕ್ಕದ ಪ್ರಯಾಣಿಕರು ತಿರುಗಿ ನೋಡಿದರು. ಅವಳು ಮಾತಾಡದೆ ಬೆರಳು ಚುಚ್ಚಿ ಮೀಟರನ್ನು ನನ್ನ ಕಣ್ಣ ಮುಂದೆ ಹಿಡಿದಳು. 118.

‘ನನಗ ಬರೋ ಸಿಟ್ಟೆಲ್ಲಾ ಸಕ್ರಿದಲ್ಲ ಅಪ್ಪಾ. ಒಂದೊಂದ್ ಸಲ ನಿನ್ನ ಮ್ಯಾಲೂ ಬರ್ತದ.’

ಮದುವೆಯಲ್ಲಿ ನಾನು ಅವಳ ರೋಗದ ಬಗ್ಗೆ ಇಡೀ ಪಂಕ್ತಿಗೆ ಭಾಷಣ ಮಾಡಿದ್ದು ಅವಳಿಗೆ ಹಿಡಿಸಿರಲಿಲ್ಲ. ಪುಡಿಯ ವಿಷಯ ತಾನೇ ಹೇಳುತ್ತಿದ್ದೆ ಎಂದಳು. ಸಿಕಂದರಾಬಾದ್ ಕಡೆಯ ರೈಲು ಬರುವವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಎದುರಿನ ಹಳಿಗಳ ಮೇಲೆ ಸಿಮೆಂಟಿನ ಗೂಡ್ಸ್ ಗಾಡಿ ಒಂದು ಬಹಳ ಹೊತ್ತು ಹಾದುಹೋಗುತ್ತಲೇ ಇತ್ತು.

ಅಂದಿನಿಂದ ಹೋಟೆಲಿನಲ್ಲಿ ಏನು ಬೇಕೆಂದು ಹೇಳುವವಳು ಅವಳು. ನಾನು ಕೇಳುವುದು ಒಂದೇ ಸಲ, ಮೆಲ್ಲಗೆ. ಬೇಸಿಗೆಯ ತಯಾರಿ ಮಾತ್ರ ಇನ್ನೂ ನನ್ನ ಪಾಲಿಗಿದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಕರೆಂಟು ಹೋದರೆ ಫ್ರಿಜ್ ಇದ್ದೂ ಇಲ್ಲದಂತೆ. ಇನ್ಸುಲಿನ್ ಪ್ರೋಟೀನಾದ್ದರಿಂದ ಬಿಸಿಗೆ ಕೆಡುತ್ತದೆ, ಹಿಮಗಟ್ಟಿದರೂ ಕೆಡುತ್ತದೆ. ಒಂದು ಮಣ್ಣಿನ ಗಡಿಗೆಯೊಳಗೆ ಇನ್ನೊಂದು ಸಣ್ಣ ಗಡಿಗೆ, ನಡುವೆ ಒದ್ದೆ ಮರಳು. ಬಾಷ್ಪೀಕರಣದಿಂದ ತಂಪು ಎಂದು ಎಂಟನೆಯ ತರಗತಿಗೆ ಪಾಠ ಮಾಡುವಾಗ ಈಗ ಇದನ್ನೇ ತೋರಿಸುತ್ತೇನೆ. ಪ್ರಯಾಣಕ್ಕೆ ಒದ್ದೆ ಬಟ್ಟೆ ಸುತ್ತಿದ ಡಬ್ಬಿ ಸಾಕು.

ಕಳೆದ ಚಳಿಗಾಲ ಶಾಲೆಯಿಂದ ಚಂದ್ರಂಪಳ್ಳಿಗೆ ಪ್ರವಾಸ ಹೊರಟಾಗ ಅವಳನ್ನು ಕರೆದೊಯ್ಯುವುದು ಹೇಗೆ ಎಂದು ಸಹೋದ್ಯೋಗಿಗಳು ಅಳುಕಿದರು. ಇಂಥ ಮಕ್ಕಳು ಬೋರ್ಡ್ ಪರೀಕ್ಷೆಯ ಕೋಣೆಗೆ ತಿನಿಸು ಒಯ್ಯಲು ಸಿಬಿಎಸ್‌ಇ 2017ರಲ್ಲೇ ಅನುಮತಿ ನೀಡಿದೆ. ಶಾಲೆಯಲ್ಲಿ ಸಕ್ಕರೆ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು ಬಿಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ಇದನ್ನೆಲ್ಲ ಹೇಳಬೇಕೆಂದು ನಾನು ಬಾಯಿ ತೆರೆಯುವ ಮೊದಲೇ ಮಗಳು ತನ್ನ ಇಬ್ಬರು ಗೆಳತಿಯರಿಗೆ ಗ್ಲೂಕೋಸ್ ಪುಡಿ ಎಲ್ಲಿದೆ, ಯಾವಾಗ ಕೊಡಬೇಕು ಎಂದು ತೋರಿಸಿಕೊಟ್ಟು ಬಂದಿದ್ದಳು. ಆ ಪ್ರವಾಸಕ್ಕೆ ನಾನು ಹೋಗಲಿಲ್ಲ.

ಸಂಜೆ ಬಸ್ಸು ಚಂದಾಪುರಕ್ಕೆ ಮರಳುವ ಹೊತ್ತಿಗೆ ನಾನು ರಸ್ತೆಯ ಈ ಬದಿಯ ಪುಸ್ತಕದಂಗಡಿಯಲ್ಲಿ ಕೆಂಪು ಶಾಯಿಯ ಪೆನ್ನು ಕೊಳ್ಳುತ್ತಿದ್ದೆ. ಮನೆಯಲ್ಲಿ ನಾಲ್ಕು ಪೆನ್ನುಗಳಿದ್ದವು. ಹುಡುಗಿಯರ ಗುಂಪು ಬಸ್ಸಿಳಿದು ಮಿರ್ಚಿ ಅಂಗಡಿಗೆ ನುಗ್ಗಿತು. ತಟ್ಟೆ ಬಂತು. ಮಗಳು ಒಮ್ಮೆ ಅದರತ್ತ ನೋಡಿದಳು, ಚೀಲ ತೆರೆದಳು, ಅಂಗಿಯ ಅಂಚು ಸರಿಸಿ ಚುಚ್ಚಿಕೊಂಡು ಮತ್ತೆ ಮಾತಿಗಿಳಿದಳು. ಆಮೇಲೆ ತಲೆಯೆತ್ತಿದವಳಿಗೆ ನಾನು ಕಂಡುಬಿಟ್ಟೆ.

‘ಅಪ್ಪಾ, ಅಲ್ಯಾಕ ನಿಂತಿ? ನಿನಗೊಂದು ಪ್ಲೇಟ್ ಹೇಳ್ಲೇನು?’

ಹೋದ ವರ್ಷದಿಂದ ನನಗೆ ಕೊಲೆಸ್ಟರಾಲ್ ಜಾಸ್ತಿಯಿದೆ, ಕರಿದದ್ದು ಬೇಡವೆಂದಿದ್ದಾರೆ. ಒಂದೇ ಸಾಕೆಂದು ಬೆರಳು ತೋರಿಸಿ ರಸ್ತೆ ದಾಟಿದೆ.